ನನ್ನ ಪ್ರೋಗ್ರಾಂ ಮೂರು ಓಎಸ್‌ನಲ್ಲೂ ಓಡುತ್ತಾ ಅಂತ ನೋಡೋದು ಹೇಗೆ?

ಪ್ರಶ್ನೆ: ಬಿಡುವಿನಲ್ಲಿ ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೇನೆ. ಫೋಲ್ಡರ್‌ನಲ್ಲಿರುವ ಫೋಟೋಗಳನ್ನು ಯಾವಾಗ ತೆಗೆದದ್ದು ಅಂತ ನೋಡಿ, ದಿನ ಮತ್ತು ಸಮಯವನ್ನೇ ಹೆಸರಾಗಿಟ್ಟು ಬೇರೆ ಫೋಲ್ಡರ್‌ಗೆ ಕಾಪಿ ಮಾಡುತ್ತದೆ, ಆಮೇಲೆ ಹಳೆಯದನ್ನು ಅಳಿಸುತ್ತದೆ. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಏನೂ ತೊಂದರೆ ಇಲ್ಲ. ವಿಂಡೋಸ್ ಇರುವ ಗೆಳೆಯನಿಗೆ ಕೊಟ್ಟರೆ ಫೋಟೋಗಳೆಲ್ಲ 0 ಬೈಟ್ ಆಗಿವೆ ಅಂತಾನೆ. ಮ್ಯಾಕ್ ಇರುವವರು ಪ್ರೋಗ್ರಾಂ ತೆರೆಯೋದೇ ಇಲ್ಲ ಅಂತಾರೆ. ನಾನು ಮೂರೂ ಮಷೀನ್ ಕೊಳ್ಳಬೇಕಾ? ವಿಂಡೋಸ್ ಬದಲು ವೈನ್‌ನಲ್ಲಿ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲೇ ಓಡಿಸುವ ಸಾಫ್ಟ್‌ವೇರ್) ಓಡಿಸಿ ನೋಡಿದರೆ ಸಾಕಾ? ಇನ್ನೊಬ್ಬರು ಫ್ರೀಬಿಎಸ್‌ಡಿ ಅನ್ನುವ ಬೇರೆ ಓಎಸ್‌ಗೂ ಬೇಕು ಅಂತಿದ್ದಾರೆ, ಅದನ್ನೂ ನೋಡಬೇಕಾ?

ಉತ್ತರ: ಮಷೀನ್ ವಿಷಯ ಆಮೇಲೆ. ಮೊದಲು ನಿಮ್ಮ ಗೆಳೆಯನಿಗೆ ಫೋನ್ ಮಾಡಿ, ಆ 0 ಬೈಟ್ ಫೈಲ್‌ಗಳನ್ನು ಮುಟ್ಟಬೇಡ ಅಂತ ಹೇಳಿ. ಅಳಿಸಬಾರದು, ಪೆನ್‌ಡ್ರೈವ್‌ಗೆ ಹಾಕಬಾರದು, ಜಿಪ್ ಮಾಡಿ ನಿಮಗೆ ಕಳಿಸಲೂ ಬಾರದು. ಫೋಟೋಗಳು ಬಹುಶಃ ಅಲ್ಲೇ ಇವೆ, ಕಾಣುತ್ತಿಲ್ಲ ಅಷ್ಟೇ.

ನೀವು ಕಳಿಸಿದ ಕೋಡ್ ನೋಡಿದೆ. ಹೊಸ ಹೆಸರಿನಲ್ಲಿ ಗಂಟೆ ಮತ್ತು ನಿಮಿಷದ ನಡುವೆ ಕೋಲನ್ ಇಟ್ಟಿದ್ದೀರಿ, ಅಂದರೆ "2024-05-01 10:42" ಅಂತ ಬಂದು ಆಮೇಲೆ ಜೆಪಿಜಿ ಬಾಲ. ಲಿನಕ್ಸ್‌ಗೆ ಇದು ಮಾಮೂಲಿ ಹೆಸರು. ಅಲ್ಲಿ ಫೈಲ್ ಹೆಸರಿನಲ್ಲಿ ಸ್ಲ್ಯಾಶ್ ಮತ್ತು ಸೊನ್ನೆ ಬೈಟ್ ಬಿಟ್ಟು ಬೇರೆ ಏನು ಬೇಕಾದರೂ ಇರಬಹುದು. ವಿಂಡೋಸ್‌ನ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಇಡುವ ವ್ಯವಸ್ಥೆ) ಆದ ಎನ್‌ಟಿಎಫ್‌ಎಸ್‌ನಲ್ಲಿ ಕೋಲನ್‌ಗೆ ಬೇರೆಯೇ ಅರ್ಥ ಇದೆ. ಒಂದು ಫೈಲ್‌ನೊಳಗೆ ಮುಖ್ಯ ಡೇಟಾದ ಜೊತೆಗೆ ಇನ್ನಷ್ಟು ಡೇಟಾವನ್ನು ಬೇರೆ ಹೆಸರಲ್ಲಿ ಇಡಬಹುದು. ಅದಕ್ಕೆ ಆಲ್ಟರ್ನೇಟ್ ಡೇಟಾ ಸ್ಟ್ರೀಮ್ ಅಂತಾರೆ, ಕೋಲನ್ ಆದಮೇಲೆ ಬರುವುದು ಆ ಸ್ಟ್ರೀಮ್‌ನ ಹೆಸರು. ಹಾಗಾಗಿ ನಿಮ್ಮ ಪ್ರೋಗ್ರಾಂ ಅಲ್ಲಿ "2024-05-01 10" ಅನ್ನುವ ಖಾಲಿ ಫೈಲ್ ಮಾಡಿ, ಫೋಟೋವನ್ನು ಅದರೊಳಗೆ 42 ಅಂತ ಶುರುವಾಗುವ ಸ್ಟ್ರೀಮ್‌ನಲ್ಲಿ ಬರೆದಿದೆ. ಎಕ್ಸ್‌ಪ್ಲೋರರ್ ಮುಖ್ಯ ಡೇಟಾದ ಗಾತ್ರ ಮಾತ್ರ ತೋರಿಸುತ್ತದೆ, ಅದು 0. ಹತ್ತು ಗಂಟೆಯಿಂದ ಹನ್ನೊಂದರ ತನಕ ತೆಗೆದ ಫೋಟೋಗಳೆಲ್ಲ ಆ ಒಂದೇ ಫೈಲ್‌ನ ಹೊಟ್ಟೆಯಲ್ಲಿ ಕೂತಿರುತ್ತವೆ. ಎರರ್ ಬರಲಿಲ್ಲ. ಕಾಪಿ ಆಯಿತು ಅಂತ ನಂಬಿ ಪ್ರೋಗ್ರಾಂ ಹಳೆಯದನ್ನು ಅಳಿಸಿತು.

ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿರ್ ಕಮಾಂಡ್‌ಗೆ ಸ್ಲ್ಯಾಶ್ ಆರ್ ಸೇರಿಸಿ ಓಡಿಸಿದರೆ ಸ್ಟ್ರೀಮ್‌ಗಳ ಹೆಸರೂ ಗಾತ್ರವೂ ಕಾಣುತ್ತವೆ. ಅಲ್ಲಿ ಕಂಡರೆ ವಾಪಸ್ ತರೋದು ಸುಲಭ. ಅದೇ ವಿಂಡೋಸ್ ಮಷೀನ್‌ನಲ್ಲಿ ಪೈಥಾನ್‌ನಿಂದಲೇ ಕೋಲನ್ ಇರುವ ಹೆಸರನ್ನು ಓದಲು ತೆರೆಯಿರಿ, ಓದಿದ್ದನ್ನು ಕೋಲನ್ ಬದಲು ಹೈಫನ್ ಇರುವ ಹೆಸರಿಗೆ ಬರೆಯಿರಿ. ಪೆನ್‌ಡ್ರೈವ್ ಬೇಡ ಅಂದಿದ್ದು ಯಾಕೆ ಅಂದರೆ ಅವುಗಳ ಫೈಲ್ ಸಿಸ್ಟಮ್ ಸಾಮಾನ್ಯವಾಗಿ ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್ ಆಗಿರುತ್ತದೆ, ಅಲ್ಲಿ ಸ್ಟ್ರೀಮ್ ಅನ್ನೋದೇ ಇಲ್ಲ, ಖಾಲಿ ಫೈಲ್ ಮಾತ್ರ ಹೋಗುತ್ತದೆ.

(ಇನ್ನೊಂದು ಮಾತು, ಇದಕ್ಕೂ ಓಎಸ್‌ಗೂ ಸಂಬಂಧ ಇಲ್ಲ. ಒಂದೇ ನಿಮಿಷದಲ್ಲಿ ಎರಡು ಫೋಟೋ ತೆಗೆದಿದ್ದರೆ ನಿಮ್ಮ ಲಿನಕ್ಸ್‌ನಲ್ಲೂ ಮೊದಲನೆಯದರ ಮೇಲೆ ಎರಡನೆಯದು ಬರೆದುಬಿಡುತ್ತದೆ. ಬರೆದದ್ದನ್ನು ಮತ್ತೆ ಓದಿ, ಗಾತ್ರ ಹೋಲಿಸಿ ನೋಡದೆ ಹಳೆಯದನ್ನು ಅಳಿಸಬೇಡಿ. ಇವತ್ತೇ ಸರಿಮಾಡಿ.)

ಇದೇ ಹೆಸರು ಮ್ಯಾಕ್‌ನಲ್ಲಿ ಏನಾಗುತ್ತದೆ ಗೊತ್ತಾ? ಫೈಲ್ ಸರಿಯಾಗೇ ಬರುತ್ತದೆ, ಆದರೆ ಫೈಂಡರ್‌ನಲ್ಲಿ ಕೋಲನ್ ಜಾಗದಲ್ಲಿ ಸ್ಲ್ಯಾಶ್ ಕಾಣುತ್ತದೆ. ಒಂದು ಅಕ್ಷರ, ಮೂರು ಕಡೆ ಮೂರು ಥರ. ಅದಕ್ಕೇ ಈ ಉದಾಹರಣೆಯನ್ನು ಇಷ್ಟು ಎಳೆದೆ. "ಮೂರು ಓಎಸ್‌ನಲ್ಲಿ ಟೆಸ್ಟ್ ಮಾಡಬೇಕು" ಅಂದರೆ ಪ್ರೋಗ್ರಾಂ ಅನ್ನು ಮೂರು ಕಡೆ ತೆರೆದು, ಬಟನ್ ಒತ್ತಿ, ಕಿಟಕಿ ಬಂತು ಅಂತ ಮುಚ್ಚೋದು ಅಲ್ಲ. ಹಾಗೆ ನೋಡಿದ್ದರೆ ಇದು ವಿಂಡೋಸ್‌ನಲ್ಲಿ ಪಾಸ್ ಆಗುತ್ತಿತ್ತು. ನಿಮ್ಮ ಲೆಕ್ಕಾಚಾರದ ಕೋಡ್ ಎಲ್ಲ ಕಡೆ ಒಂದೇ ಥರ ಓಡುತ್ತದೆ, ಅದರ ಚಿಂತೆ ಬಿಡಿ. ಪ್ರೋಗ್ರಾಂ ಎಲ್ಲೆಲ್ಲಿ ಓಎಸ್ ಅನ್ನು ಮುಟ್ಟುತ್ತದೋ ಅಲ್ಲಿ ಒಡೆಯುತ್ತದೆ: ಫೈಲ್ ಹೆಸರು, ಅಳಿಸುವುದು, ಪಾತ್ (ಫೈಲ್ ಇರುವ ಜಾಗದ ವಿಳಾಸ), ಇನ್‌ಸ್ಟಾಲ್, ಅನುಮತಿ. ಟೆಸ್ಟ್ ಅಲ್ಲಿ ಜಾಸ್ತಿ ಇರಲಿ.

ಹೆಸರಿನ ವಿಷಯ ಇನ್ನೂ ಇದೆ. ವಿಂಡೋಸ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆ, ಪೈಪ್, ಕೋನದ ಆವರಣಗಳು ಇವೆಲ್ಲ ನಿಷಿದ್ಧ. ಹೆಸರಿನ ಕೊನೆಯಲ್ಲಿ ಚುಕ್ಕೆ ಅಥವಾ ಸ್ಪೇಸ್ ಇದ್ದರೆ ಅದನ್ನು ಸದ್ದಿಲ್ಲದೆ ಕಿತ್ತುಹಾಕುತ್ತದೆ. ಡಾಸ್ ಕಾಲದ ಕಾನ್, ಪಿಆರ್‌ಎನ್, ಎಯುಎಕ್ಸ್, ಎನ್‌ಯುಎಲ್ ಮುಂತಾದ ಹೆಸರುಗಳನ್ನು ಇವತ್ತಿಗೂ ಕಾದಿರಿಸಿದೆ. ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸ ಲಿನಕ್ಸ್‌ಗೆ ಮಾತ್ರ. ವಿಂಡೋಸ್‌ನಲ್ಲೂ, ಮ್ಯಾಕ್‌ನ ಫೈಲ್ ಸಿಸ್ಟಮ್ ಎಪಿಎಫ್‌ಎಸ್ ಮಾಮೂಲಿ ಸೆಟ್ಟಿಂಗ್‌ನಲ್ಲಿದ್ದರೆ ಅದರಲ್ಲೂ, ಎರಡೂ ಒಂದೇ ಫೈಲ್.

ಕನ್ನಡ ಹೆಸರು ಇಟ್ಟರಂತೂ ಇನ್ನೂ ಮಜಾ. "ಫೋಟೋ" ಅನ್ನುವ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಅಂತ ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಮೊದಲ ರೀತಿಗೆ ಎನ್‌ಎಫ್‌ಸಿ, ಎರಡನೆಯದಕ್ಕೆ ಎನ್‌ಎಫ್‌ಡಿ ಅಂತಾರೆ. ಆ ಪದ ಒಂದು ರೀತಿಯಲ್ಲಿ 4 ಸಂಕೇತ, ಇನ್ನೊಂದು ರೀತಿಯಲ್ಲಿ 8. ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ರೀತಿಯಲ್ಲಿ 12 ಬೈಟ್ ಮತ್ತು 24 ಬೈಟ್. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಎಲ್ಲವನ್ನೂ ಬಿಡಿಸಿಯೇ ಇಡುತ್ತಿತ್ತು. ಈಗಿನ ಎಪಿಎಫ್‌ಎಸ್ ಕೊಟ್ಟಿದ್ದನ್ನು ಕೊಟ್ಟ ಹಾಗೇ ಇಡುತ್ತದೆ, ಆದರೆ ಎರಡೂ ರೂಪ ಒಂದೇ ಫೈಲ್ ಅಂತ ಭಾವಿಸುತ್ತದೆ. ಲಿನಕ್ಸ್‌ಗೂ ವಿಂಡೋಸ್‌ಗೂ ಅವು ಎರಡು ಬೇರೆ ಫೈಲ್. ಹಾಗಾಗಿ ಹಳೇ ಮ್ಯಾಕ್‌ನಿಂದ ಬಂದ ಫೋಲ್ಡರ್‌ನಲ್ಲಿ ನಿಮ್ಮ ಪ್ರೋಗ್ರಾಂ "ಫೋಟೋ" ಅಂತ ಹುಡುಕಿದರೆ ಸಿಗೋದಿಲ್ಲ, ಕಣ್ಣೆದುರೇ ಇದ್ದರೂ. ಹೋಲಿಸುವಾಗ ಎರಡೂ ಕಡೆಯದನ್ನು ಎನ್‌ಎಫ್‌ಸಿಗೆ ತಂದು ಹೋಲಿಸಿ. ಡಿಸ್ಕ್‌ನಲ್ಲಿರುವ ಬೇರೆಯವರ ಹೆಸರನ್ನು ಮಾತ್ರ ನೀವಾಗಿ ಬದಲಿಸಬೇಡಿ. ಉದ್ದದ ಮಿತಿಯೂ ಬೇರೆ ಬೇರೆ: ಲಿನಕ್ಸ್‌ನ ಎಕ್ಸ್‌ಟಿ4ನಲ್ಲಿ ಹೆಸರಿಗೆ 255 ಬೈಟ್, ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಅಂದರೆ 85ಕ್ಕೇ ಮುಗಿಯಿತು. ಎನ್‌ಟಿಎಫ್‌ಎಸ್‌ನಲ್ಲಿ 255 ಅಂದರೆ ಕನ್ನಡಕ್ಕೂ 255. ಅಲ್ಲಿಟ್ಟ ಉದ್ದ ಹೆಸರು ಇಲ್ಲಿ ಹಿಡಿಸೋದಿಲ್ಲ.

ಇಷ್ಟೆಲ್ಲ ನೋಡಲು ವಿಂಡೋಸ್ ಬೇಕೇ ಬೇಕಾ ಅಂದರೆ, ಅರ್ಧಕ್ಕೆ ಬೇಡ. ಒಂದು ಪೆನ್‌ಡ್ರೈವ್ ಅನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ ನಿಮ್ಮ ಲಿನಕ್ಸ್‌ಗೇ ಹಾಕಿ, ಟೆಸ್ಟ್‌ಗಳು ಫೈಲ್ ಬರೆಯುವ ಫೋಲ್ಡರ್ ಅದರ ಮೇಲಿರುವ ಹಾಗೆ ಮಾಡಿ. ಕೋಲನ್ ಇರುವ ಹೆಸರನ್ನು ಅದು ಒಪ್ಪೋದೇ ಇಲ್ಲ, ದೊಡ್ಡಕ್ಷರ ಚಿಕ್ಕಕ್ಷರ ಒಂದೇ ಅನ್ನುತ್ತದೆ. ಖರ್ಚಿಲ್ಲದ ಉಪಾಯ ಇದು, ಆದರೂ ಯಾಕೋ ಯಾರೂ ಮಾಡೋದಿಲ್ಲ.

ಇನ್ನರ್ಧಕ್ಕೆ ನಿಜವಾದ ವಿಂಡೋಸ್ ಬೇಕು. ಒಂದು ಉದಾಹರಣೆ: ತೆರೆದಿರುವ ಫೈಲ್ ಅನ್ನು ಲಿನಕ್ಸ್‌ನಲ್ಲಿ ಆರಾಮಾಗಿ ಅಳಿಸಬಹುದು. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಬಿಡೋದಿಲ್ಲ, ಎರರ್ 32 ಕೊಟ್ಟು ಬೇರೆ ಪ್ರೋಗ್ರಾಂ ಈ ಫೈಲ್ ಬಳಸುತ್ತಿದೆ ಅನ್ನುತ್ತದೆ. ಎಷ್ಟೋ ಸಲ ಆ "ಬೇರೆ ಪ್ರೋಗ್ರಾಂ" ನಿಮ್ಮದೇ ಆಗಿರುತ್ತದೆ. ಪೈಥಾನ್‌ನಲ್ಲಿ ಚಿತ್ರಗಳಿಗಾಗಿ ಇರುವ ಪಿಲ್ಲೋ ಲೈಬ್ರರಿಯಲ್ಲಿ ಚಿತ್ರ ತೆರೆದರೆ ಅದು ಪೂರ್ತಿ ಓದುವ ತನಕ ಫೈಲ್ ಅನ್ನು ಹಿಡಿದುಕೊಂಡೇ ಇರುತ್ತದೆ. ನೀವು ಬರೀ ದಿನಾಂಕ ಓದಿ ಬಿಟ್ಟರೆ ಹಿಡಿತ ಹಾಗೇ ಉಳಿಯುತ್ತದೆ. ನಿಮ್ಮ ಕೋಡ್‌ನಲ್ಲಿ ವಿತ್ ಬಳಸಿ ತೆರೆದಿದ್ದೀರಿ, ಅದು ಕೆಲಸ ಮುಗಿದ ಕೂಡಲೇ ಫೈಲ್ ಮುಚ್ಚುತ್ತದೆ, ಅದರಿಂದ ಬಚಾವ್. ಅಥವಾ ಈ ಸಲ ಬಚಾವ್ ಆಗದಿದ್ದರೇ ಚೆನ್ನಾಗಿತ್ತು, ಗೆಳೆಯನ ಹಳೇ ಫೋಟೋಗಳು ಅಳಿಯದೆ ಉಳಿಯುತ್ತಿದ್ದವು.

ಮಷೀನ್ ಕೊಳ್ಳೋದು ಬೇಡ. ಮೊದಲ ಮೆಟ್ಟಿಲು ಸಿಐ, ಅಂದರೆ ಕೋಡ್ ಬದಲಾದಾಗೆಲ್ಲ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ. ಕೋಡ್ ಸಾರ್ವಜನಿಕವಾಗಿ ಗಿಟ್‌ಹಬ್‌ನಲ್ಲಿ ಇಟ್ಟಿದ್ದರೆ ಅದರ ಸಿಐ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ನ ಮಾಮೂಲಿ ರನ್ನರ್‌ಗಳು (ಟೆಸ್ಟ್ ಓಡಿಸುವ ಮಷೀನ್‌ಗಳು) ಉಚಿತ, ಉಬುಂಟು, ವಿಂಡೋಸ್, ಮ್ಯಾಕ್ ಮೂರೂ ಇವೆ. ಯಾವ ಯಾವ ಓಎಸ್‌ನಲ್ಲಿ ಓಡಿಸಬೇಕು ಅನ್ನುವ ಒಂದು ಪಟ್ಟಿ (ಮ್ಯಾಟ್ರಿಕ್ಸ್) ಬರೆದರೆ ಪ್ರತಿ ಸಲ ಕೋಡ್ ಅಲ್ಲಿಗೆ ಪುಶ್ ಮಾಡಿದಾಗಲೂ ಟೆಸ್ಟ್‌ಗಳು ಮೂರೂ ಕಡೆ ಓಡುತ್ತವೆ. ಬರೆಯುವಾಗ ಫೇಲ್-ಫಾಸ್ಟ್ ಅನ್ನುವುದನ್ನು ಫಾಲ್ಸ್ ಮಾಡಿ. ಅದು ಮೊದಲೇ ಟ್ರೂ ಆಗಿರುತ್ತದೆ, ಒಂದು ಕಡೆ ಬಿದ್ದ ಕೂಡಲೇ ಉಳಿದ ಎರಡನ್ನೂ ನಿಲ್ಲಿಸಿಬಿಡುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಬಿತ್ತಾ, ಎಲ್ಲ ಕಡೆ ಬಿತ್ತಾ ಅಂತಲೇ ಗೊತ್ತಾಗದಿದ್ದರೆ ಮ್ಯಾಟ್ರಿಕ್ಸ್ ಇಟ್ಟು ಏನು ಪ್ರಯೋಜನ?

ಟೆಸ್ಟ್ ಬರೆಯುವಾಗ ಸುಮ್ನೆ ಒಳ್ಳೆಯ ಹೆಸರುಗಳನ್ನೇ ಕೊಡಬೇಡಿ. ಕನ್ನಡ ಹೆಸರು, ಎರಡು ರೂಪದಲ್ಲೂ. ನಡುವೆ ಸ್ಪೇಸ್ ಇರುವ ಫೋಲ್ಡರ್. ದೊಡ್ಡಕ್ಷರ ಚಿಕ್ಕಕ್ಷರದಲ್ಲಿ ಮಾತ್ರ ಬೇರೆ ಇರುವ ಎರಡು ಫೈಲ್. ದಿನಾಂಕವೇ ಇಲ್ಲದ ಫೋಟೋ. ಫೋಲ್ಡರ್ ಪಟ್ಟಿ ಯಾವ ಕ್ರಮದಲ್ಲಿ ಬರುತ್ತದೆ ಅಂತಲೂ ನಂಬಬೇಡಿ. ಎನ್‌ಟಿಎಫ್‌ಎಸ್ ಅಕಾರಾದಿಯಲ್ಲಿ ಕೊಡುತ್ತದೆ, ಎಕ್ಸ್‌ಟಿ4 ತನಗೆ ತೋಚಿದ ಹಾಗೆ ಕೊಡುತ್ತದೆ, ಆದ್ದರಿಂದ ಕ್ರಮ ಬೇಕಿದ್ದರೆ ನೀವೇ ಸಾರ್ಟ್ ಮಾಡಿಕೊಳ್ಳಿ. ನೀವು ಸೆಟ್ಟಿಂಗ್ಸ್ ಅನ್ನು ಟೆಕ್ಸ್ಟ್ ಫೈಲ್‌ನಲ್ಲಿ ಇಡುತ್ತಿದ್ದೀರಿ, ಅಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ರೀತಿ) ಹೇಳೇ ಇಲ್ಲ. ಲಿನಕ್ಸ್, ಮ್ಯಾಕ್‌ನಲ್ಲಿ ಅದು ಯುಟಿಎಫ್-8 ಆಗಿರುತ್ತದೆ. ಈಗ ಎಲ್ಲರೂ ಬಳಸುತ್ತಿರುವ ಪೈಥಾನ್ ಆವೃತ್ತಿಗಳು ವಿಂಡೋಸ್‌ನಲ್ಲಿ ಆ ಮಷೀನ್‌ನ ಹಳೇ ಎನ್‌ಕೋಡಿಂಗ್ (ಕೋಡ್ ಪೇಜ್) ಹಿಡಿಯುತ್ತವೆ, ಕನ್ನಡ ಬರೆಯಲು ಹೋದರೆ ಅಲ್ಲೇ ಎರರ್. ಪ್ರತಿ ಓಪನ್‌ನಲ್ಲೂ ಯುಟಿಎಫ್-8 ಅಂತ ಬರೆದುಬಿಡಿ.

ಈಗ ಸಿಐನ ಕೊರತೆ. ಆ ರನ್ನರ್‌ಗಳಲ್ಲಿ ಪೈಥಾನ್, ಕಂಪೈಲರ್, ನೂರೆಂಟು ಟೂಲ್‌ಗಳು ಮೊದಲೇ ತುಂಬಿರುತ್ತವೆ. ನಿಮ್ಮ ಗೆಳೆಯನ ಮಷೀನ್‌ನಲ್ಲಿ ಅವ್ಯಾವುವೂ ಇಲ್ಲ, ಅಲ್ವಾ? ಸಿಐ ಹಸಿರಾಗಿದ್ದರೆ ನಿಮ್ಮ ಲಾಜಿಕ್ ಸರಿ ಇದೆ ಅಂತ ಅರ್ಥ, ಪ್ರೋಗ್ರಾಂ ಇನ್‌ಸ್ಟಾಲ್ ಆಗುತ್ತದೆ ಅಂತ ಅಲ್ಲ. ಅದಕ್ಕೆ ಏನೂ ಇಲ್ಲದ ಸ್ವಚ್ಛ ಮಷೀನ್ ಬೇಕು. ನನ್ನ ಅಭಿಪ್ರಾಯದಲ್ಲಿ ಹವ್ಯಾಸಿಗಳು ಬಿಟ್ಟುಬಿಡುವ ಅತಿ ಮುಖ್ಯ ಟೆಸ್ಟ್ ಇದೇ. ಐದು ಓಎಸ್‌ನ ನಿಮ್ಮದೇ ಮಷೀನ್‌ಗಳಲ್ಲಿ ನೋಡೋದಕ್ಕಿಂತ ಒಂದೇ ಓಎಸ್‌ನ ಸ್ವಚ್ಛ ಮಷೀನ್‌ನಲ್ಲಿ ನೋಡೋದು ಮೇಲು.

ವಿಂಡೋಸ್‌ಗೆ ಹೀಗೆ ಮಾಡಿ. ಮೈಕ್ರೋಸಾಫ್ಟ್ ವಿಂಡೋಸ್ 11 ಎಂಟರ್‌ಪ್ರೈಸ್‌ನ 90 ದಿನದ ಪರೀಕ್ಷಾ ಆವೃತ್ತಿ ಕೊಡುತ್ತದೆ. ಅದನ್ನು ವರ್ಚುವಲ್ ಮಷೀನ್‌ನಲ್ಲಿ (ನಿಮ್ಮ ಲ್ಯಾಪ್‌ಟಾಪ್‌ನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಹಾಕಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಥ ಮಷೀನ್ ಓಡಿಸುವ ವರ್ಚುವಲ್‌ಬಾಕ್ಸ್‌ನ 7ನೇ ಆವೃತ್ತಿಯಿಂದ ಅದನ್ನೂ ವರ್ಚುವಲ್ ಆಗಿ ಕೊಡಬಹುದು. ಇನ್‌ಸ್ಟಾಲ್ ಮುಗಿದ ತಕ್ಷಣ, ಬೇರೇನೂ ಹಾಕುವ ಮೊದಲೇ, ಮಷೀನ್‌ನ ಆ ಸ್ಥಿತಿಯ ಒಂದು ಪ್ರತಿ (ಸ್ನ್ಯಾಪ್‌ಶಾಟ್) ತೆಗೆದಿಡಿ. ಪ್ರತಿ ಟೆಸ್ಟ್ ಆದಮೇಲೂ ಅದಕ್ಕೇ ವಾಪಸ್ ಹೋಗಿ. ಒಳಗೆ ಎರಡನೇ ಯೂಸರ್ ಖಾತೆ ಮಾಡಿ, ಹೆಸರು ಕನ್ನಡದಲ್ಲಿರಲಿ, ನಡುವೆ ಸ್ಪೇಸ್ ಇರಲಿ, ಅಡ್ಮಿನ್ ಹಕ್ಕು ಬೇಡ. ಆ ಖಾತೆಯಿಂದ ಓಡಿಸಿ ನೋಡಿ. ಪಾತ್‌ಗೆ ಸಂಬಂಧಪಟ್ಟ ಹುಳುಕುಗಳು ಅಲ್ಲೇ ಹೊರಬೀಳುತ್ತವೆ. ಪರದೆಯ ಸ್ಕೇಲಿಂಗ್ 150 ಪರ್ಸೆಂಟ್ ಮಾಡಿ ಒಮ್ಮೆ ನೋಡಿ, ಬಟನ್‌ನ ಅಕ್ಷರ ಕತ್ತರಿಸಿ ಹೋಗಿರಬಹುದು.

ನೀವು ಪೈಇನ್‌ಸ್ಟಾಲರ್‌ನಿಂದ (ಪೈಥಾನ್ ಇಲ್ಲದ ಮಷೀನ್‌ನಲ್ಲೂ ಓಡುವ ಹಾಗೆ ಪ್ರೋಗ್ರಾಂ ಕಟ್ಟಿಕೊಡುವ ಟೂಲ್) ಒಂದೇ ಫೈಲ್ ಮಾಡಿ ಕೊಡುತ್ತಿದ್ದೀರಿ. ಅದು ಒಂದು ಓಎಸ್‌ನಲ್ಲಿ ಕೂತು ಇನ್ನೊಂದಕ್ಕೆ ಮಾಡಿಕೊಡೋದಿಲ್ಲ, ಆಯಾ ಓಎಸ್‌ನಲ್ಲೇ ಬಿಲ್ಡ್ ಮಾಡಬೇಕು, ಅದಕ್ಕೂ ಸಿಐ ರನ್ನರ್‌ಗಳೇ ಸಾಕು. ಒಂದೇ ಫೈಲ್ ಬದಲು ಫೋಲ್ಡರ್ ಮಾಡಿ ಕೊಡಿ ಅಂತ ನನ್ನ ಸಲಹೆ. ಒಂದೇ ಫೈಲ್ ಆದರೆ ಪ್ರತಿ ಸಲ ಟೆಂಪ್ ಫೋಲ್ಡರ್‌ಗೆ ಬಿಚ್ಚಿಕೊಂಡು ಓಡುತ್ತದೆ, ನಿಧಾನ, ಜೊತೆಗೆ ಆಂಟಿವೈರಸ್‌ಗಳಿಗೆ ಅನುಮಾನ ಜಾಸ್ತಿ. ಡಿಜಿಟಲ್ ಸಹಿ ಇಲ್ಲದ ಪ್ರೋಗ್ರಾಂಗೆ ವಿಂಡೋಸ್‌ನ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್ ಹೇಗಿದ್ದರೂ ಎಚ್ಚರಿಕೆ ಕೊಡುತ್ತದೆ. ಹೀಗೆ ಬರುತ್ತದೆ, ಹೀಗೆ ಮುಂದುವರಿಯಿರಿ ಅಂತ ರೀಡ್‌ಮಿಯಲ್ಲಿ ಚಿತ್ರದ ಜೊತೆ ಬರೆಯಿರಿ.

ಲಿನಕ್ಸ್ ಗೊತ್ತಿರುವ ಜಾಗ ಅಂತ ಬಿಡಬೇಡಿ. ಹೊಸ ಡಿಸ್ಟ್ರೋದಲ್ಲಿ (ಉಬುಂಟುವಿನಂಥ ಲಿನಕ್ಸ್) ಬಿಲ್ಡ್ ಮಾಡಿದ್ದು ಹಳೆಯದರಲ್ಲಿ ಓಡೋದಿಲ್ಲ, ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿಯ ಆವೃತ್ತಿ ಸಿಗಲಿಲ್ಲ ಅನ್ನುತ್ತದೆ. ಉಬುಂಟು 24.04ರಲ್ಲಿರುವುದು 2.39, 22.04ರಲ್ಲಿ 2.35. ತಿರುಗಾಮುರುಗಾ ಮಾಡಿದರೆ, ಅಂದರೆ ಹಳೆಯದರಲ್ಲಿ ಬಿಲ್ಡ್ ಮಾಡಿ ಹೊಸದರಲ್ಲಿ ಓಡಿಸಿದರೆ, ತೊಂದರೆ ಇಲ್ಲ. ನೀವು ಬೆಂಬಲಿಸುವ ಅತಿ ಹಳೆಯದರಲ್ಲಿ ಬಿಲ್ಡ್ ಮಾಡಿ.

ಇನ್ನು ಮ್ಯಾಕ್. ಇದು ತಲೆನೋವೇ. ಆಪಲ್‌ನ ಲೈಸೆನ್ಸ್ ಪ್ರಕಾರ ಮ್ಯಾಕ್‌ಓಎಸ್ ಅನ್ನು ಆಪಲ್‌ನ ಹಾರ್ಡ್‌ವೇರ್ ಮೇಲೆ ಮಾತ್ರ ವರ್ಚುವಲ್ ಆಗಿ ಓಡಿಸಬಹುದು, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಲ್ಲ. ಹಾಗಾಗಿ ಟೆಸ್ಟ್‌ಗೆ ಸಿಐ, ಕಣ್ಣಿಂದ ನೋಡಲು ಮ್ಯಾಕ್ ಇರುವ ಒಬ್ಬ ಮನುಷ್ಯ. ನಿಮ್ಮದು "ತೆರೆಯೋದೇ ಇಲ್ಲ" ಅನ್ನಲು ಮೂರು ಕಾರಣ ಇರಬಹುದು. ಒಂದು, ಡೌನ್‌ಲೋಡ್ ಮಾಡಿದ, ಆಪಲ್‌ನಿಂದ ನೋಟರೈಸ್ ಆಗದ (ಪರಿಶೀಲಿಸಿ ಒಪ್ಪದ) ಆಪ್ ಅನ್ನು ಮ್ಯಾಕ್‌ನ ಕಾವಲುಗಾರ ಗೇಟ್‌ಕೀಪರ್ ತಡೆಯುತ್ತದೆ. ಕೆಲವು ಸಲ ಫೈಲ್ ಹಾಳಾಗಿದೆ ಅಂತಲೇ ಹೇಳಿಬಿಡುತ್ತದೆ, ಹಾಳಾಗಿರೋದಿಲ್ಲ. ಮೊದಲೆಲ್ಲ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ತೆರೆಯಬಹುದಿತ್ತು. 2024ರ ಮ್ಯಾಕ್‌ಓಎಸ್ ಸೆಕ್ವೋಯಾದಿಂದ ಆ ದಾರಿ ಮುಚ್ಚಿದೆ, ಸಿಸ್ಟಮ್ ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯುರಿಟಿಗೆ ಹೋಗಿ ಅಲ್ಲಿಂದ ಒಪ್ಪಿಗೆ ಕೊಡಬೇಕು. ಎರಡು, ಸಿಐ ಬಿಲ್ಡ್ ಮಾಡಿಟ್ಟದ್ದನ್ನು (ಆರ್ಟಿಫ್ಯಾಕ್ಟ್) ಇಳಿಸಿಕೊಂಡರೆ ಆ ಫೈಲ್‌ಗಳಲ್ಲಿ ಎಕ್ಸಿಕ್ಯೂಟ್ ಅನುಮತಿ, ಅಂದರೆ ಪ್ರೋಗ್ರಾಂ ಆಗಿ ಓಡುವ ಅನುಮತಿ, ಉಳಿಯೋದಿಲ್ಲ, ಅಪ್‌ಲೋಡ್ ಮಾಡುವ ಮೊದಲೇ ಒಂದು ಟಾರ್ ಫೈಲ್ ಆಗಿ ಕಟ್ಟಿಡಬೇಕು. ಮೂರು, ಪ್ರೊಸೆಸರ್. ಗಿಟ್‌ಹಬ್‌ನ ಈಗಿನ ಮಾಮೂಲಿ ಮ್ಯಾಕ್ ರನ್ನರ್‌ನಲ್ಲಿರುವುದು ಆಪಲ್‌ನದೇ ಪ್ರೊಸೆಸರ್ (ಆಪಲ್ ಸಿಲಿಕಾನ್), ಅದರಲ್ಲಿ ಬಿಲ್ಡ್ ಆದದ್ದು ಇಂಟೆಲ್ ಮ್ಯಾಕ್‌ನಲ್ಲಿ ಓಡೋದಿಲ್ಲ. ರೊಸೆಟ್ಟಾ ಕೆಲಸ ಮಾಡುವುದು ಇಂಟೆಲ್ ಪ್ರೋಗ್ರಾಂ ಅನ್ನು ಹೊಸ ಮ್ಯಾಕ್‌ನಲ್ಲಿ ಓಡಿಸಲು, ಉಲ್ಟಾ ಅಲ್ಲ. ಆಪ್ ತೆರೆದ ಮೇಲೂ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರ್ ಮುಟ್ಟಲು ಮ್ಯಾಕ್ ಅನುಮತಿ ಕೇಳುತ್ತದೆ. ಬೇಡ ಅಂತ ಒತ್ತಿದರೆ ನಿಮ್ಮ ಪ್ರೋಗ್ರಾಂ ಏನು ಮಾಡುತ್ತದೆ ಅಂತ ಆ ಮನುಷ್ಯನ ಹತ್ತಿರ ನೋಡಿಸಿ. ಸುಮ್ಮನೆ ಕ್ರ್ಯಾಶ್ ಆಗುತ್ತದೆ ಅಂತ ನನ್ನ ಊಹೆ, ಆ ಎರರ್ ಅನ್ನು ನಿಮ್ಮ ಕೋಡ್ ಎಲ್ಲೂ ಹಿಡಿದಿಲ್ಲ.

ವೈನ್ ಸಾಕಾ ಅಂದರೆ, ಸಾಲದು. 1993ರಿಂದ ನಡೆದು ಬಂದಿರುವ ಅದ್ಭುತ ಕೆಲಸ ಅದು, ಆದರೆ ಕೆಳಗಿರುವುದು ನಿಮ್ಮ ಲಿನಕ್ಸ್ ಫೈಲ್ ಸಿಸ್ಟಮ್, ಎನ್‌ಟಿಎಫ್‌ಎಸ್ ಅಲ್ಲ. ನಿಮ್ಮ ತೊಂದರೆ ಇರುವುದೇ ಫೈಲ್‌ಗಳಲ್ಲಿ. ವೈನ್‌ನಲ್ಲಿ ಬಿದ್ದರೆ ಒಂದು ಸುಳಿವು ಸಿಕ್ಕಿತು ಅನ್ನಿ, ಪಾಸ್ ಆದರೆ ಏನೂ ಸಾಬೀತಾಗಲಿಲ್ಲ. ವಿಂಡೋಸ್‌ನಲ್ಲಿ ಕೂತು ಲಿನಕ್ಸ್ ನೋಡುವವರಿಗೆ ಡಬ್ಲ್ಯೂಎಸ್‌ಎಲ್ 2 ಚೆನ್ನಾಗಿದೆ, ಅದರಲ್ಲಿರುವುದು ನಿಜವಾದ ಲಿನಕ್ಸ್ ಕರ್ನಲ್. ನಿಮ್ಮದು ಉಲ್ಟಾ ಕಥೆ.

ಬಗ್ ವರದಿ ಬಂದಾಗ "ಓಡೋದಿಲ್ಲ" ಅನ್ನುವುದರ ಆಚೆಗೆ ಯಾರೂ ಬರೆಯೋದಿಲ್ಲ, ಅದನ್ನು ನಿರೀಕ್ಷಿಸಲೂಬಾರದು. ಪ್ರೋಗ್ರಾಂ ಶುರುವಾದ ಕೂಡಲೇ ಓಎಸ್ ಆವೃತ್ತಿ, ಪ್ರೊಸೆಸರ್, ಪೈಥಾನ್ ಆವೃತ್ತಿ, ಎನ್‌ಕೋಡಿಂಗ್, ಎಲ್ಲಿಂದ ಎಲ್ಲಿಗೆ ಕಾಪಿ ಆಗುತ್ತಿದೆ, ಇಷ್ಟನ್ನು ಒಂದು ಲಾಗ್ ಫೈಲ್‌ಗೆ ಬರೆಯಲಿ. ಎರರ್ ಬಂದರೆ ಪೂರ್ತಿ ಟ್ರೇಸ್‌ಬ್ಯಾಕ್ (ಎರರ್ ಕೋಡ್‌ನ ಯಾವ ಸಾಲಿಂದ ಬಂತು ಅನ್ನುವ ವಿವರ) ಕೂಡ ಅಲ್ಲೇ. "ಲಾಗ್ ಕಳಿಸಿ" ಅಂತ ಒಂದೇ ಮಾತಲ್ಲಿ ಮುಗಿಯುತ್ತದೆ. ಪಾತ್‌ನಲ್ಲಿ ಅವರ ಯೂಸರ್ ಹೆಸರು ಇರುತ್ತದೆ, ಅದನ್ನು ಲಾಗ್‌ನಲ್ಲಿ ಮರೆಮಾಡಿ.

ಕೊನೆಗೆ ಫ್ರೀಬಿಎಸ್‌ಡಿ. ಅದಕ್ಕೆ ಬಿಲ್ಡ್ ಮಾಡಿ ಕೊಡುವ ಅಗತ್ಯ ಇಲ್ಲ. ಅದನ್ನು ಬಳಸುವವರು ಸಾಮಾನ್ಯವಾಗಿ ಸೋರ್ಸ್‌ನಿಂದಲೇ ಓಡಿಸಿಕೊಳ್ಳಬಲ್ಲವರು. ನಿಮ್ಮ ಕಡೆಯಿಂದ ಎರಡೇ ಕೆಲಸ. ಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರೋಗ್ರಾಂಗಳ ವಿವರ ಇರುವ ಪ್ರಾಕ್ ಫೋಲ್ಡರ್ ಓದುವ ಕೋಡ್ ಇದ್ದರೆ ತೆಗೆಯಿರಿ, ಅಲ್ಲಿ ಅದು ಮೊದಲೇ ಮೌಂಟ್ ಆಗಿರೋದಿಲ್ಲ. ನಿಮ್ಮ ಇನ್‌ಸ್ಟಾಲ್ ಸ್ಕ್ರಿಪ್ಟ್ ಬ್ಯಾಶ್ ಅನ್ನುವ ಶೆಲ್ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ನಂಬಿಕೊಂಡಿದೆ, ಫ್ರೀಬಿಎಸ್‌ಡಿಯಲ್ಲಿ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಆದ್ದರಿಂದ ಮಾಮೂಲಿ ಶೆಲ್‌ಗೆ ಬರೆಯಿರಿ. ಮ್ಯಾಕ್‌ನಲ್ಲಿರುವ ಬ್ಯಾಶ್ ಕೂಡ 3.2, ತುಂಬಾ ಹಳೆಯದು, ಹಾಗಾಗಿ ಆ ಕೆಲಸ ಅಲ್ಲಿಗೂ ಉಪಯೋಗಕ್ಕೆ ಬರುತ್ತದೆ. ರೀಡ್‌ಮಿಯಲ್ಲಿ ವಿಂಡೋಸ್ 11, ಉಬುಂಟು 22.04 ಮತ್ತು 24.04ರಲ್ಲಿ ನೋಡಿದೆ, ಮ್ಯಾಕ್‌ನಲ್ಲಿ ಸಿಐ ಮಾತ್ರ, ಬೇರೆ ಕಡೆ ನೋಡಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಫ್ರೀಬಿಎಸ್‌ಡಿಯವರು ಪ್ಯಾಚ್ ಕಳಿಸಿದರೆ ಸೇರಿಸಿಕೊಳ್ಳಿ, ಜೊತೆಗೆ ಒಂದು ಟೆಸ್ಟ್ ಕೂಡ ಕೇಳಿ. ಇಲ್ಲದಿದ್ದರೆ ಮುಂದಿನ ತಿಂಗಳು ನೀವೇ ಅದನ್ನು ಮುರಿದು ಹಾಕಿದರೂ ನಿಮಗೆ ಗೊತ್ತಾಗೋದಿಲ್ಲ.